ಹೆನ್ರಿ ಅಂಕಲ್ ಕೊಟ್ಟ ವಾರ

20 ಅಕ್ಟೋಬರ್ 2013, ಭಾನುವಾರ
ರಿಸಾರ್ಟ್‌ನಿಂದ

ಜ್ಯೋತ್ಸ್ನಾ,

ನಿನ್ನೆ ನನ್ನನ್ನು ವಿಮಾನ ಹತ್ತಲು ಬಿಡಲಿಲ್ಲ. ಚೆಕ್-ಇನ್ ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ನಂಬರನ್ನು ಎರಡು ಸಲ ಒತ್ತಿ ನೋಡಿ, ಆಸ್ಟ್ರೇಲಿಯಾಕ್ಕೆ ಹೋಗಲು ನನ್ನ ಹೆಸರಿನಲ್ಲಿ ಯಾವ ವೀಸಾವೂ ಕಾಣಿಸುತ್ತಿಲ್ಲ ಎಂದಳು. ಸಿಸ್ಟಮ್ ತಪ್ಪು, ಅನುಮಾನವೇ ಇಲ್ಲ. ನಾಲ್ಕು ವರ್ಷ ಅಡಿಲೇಡ್‌ನಲ್ಲಿದ್ದು, ಕಾಯಂ ವಾಸಕ್ಕೆ ಪಿ.ಆರ್. ಅರ್ಜಿ ಹಾಕಿ ಕಾಯುತ್ತಿರುವವನಿಗೆ ವೀಸಾ ಇಲ್ಲವೆಂದರೆ ಯಾರು ನಂಬುತ್ತಾರೆ? ಟ್ಯಾಕ್ಸಿ ಹಿಡಿದು ರಿಸಾರ್ಟಿಗೆ ಹಿಂತಿರುಗಿದ್ದೇನೆ. ನೀನು ಹೆದರಬೇಡ.

ನಾಳೆ ಬೆಳಿಗ್ಗೆ ವಲಸೆ ಇಲಾಖೆಗೆ ಫೋನ್ ಮಾಡು. ‘ನನ್ನ ಪತಿಯ ದಾಖಲೆಯಲ್ಲಿ ತಾಂತ್ರಿಕ ದೋಷವಿದೆ, ಸರಿಪಡಿಸಿ’ ಎಂದಷ್ಟೇ ಹೇಳು. ಬೇರೆ ಏನೂ ಸೇರಿಸಬೇಡ. ನನ್ನ ಆಫೀಸಿಗೆ ಜ್ವರ ಎಂದು ತಿಳಿಸು. ಗುರಣ್ಣನಿಗೆ ಮಾತ್ರ ಹೇಳಬೇಡ. ಬ್ರಿಸ್ಬೇನ್‌ನಲ್ಲಿ ಅವನ ಕಿವಿಗೆ ಬಿದ್ದರೆ ಅಲ್ಲಿನ ಕ್ಯಾಲಮ್‌ವೇಲ್ ಬಡಾವಣೆಯ ಕನ್ನಡದವರಿಗೆಲ್ಲ ಸಂಜೆಯೊಳಗೆ ಗೊತ್ತಾಗುತ್ತದೆ. ವೀಸಾ ಅಂದರೆ ನನಗೆ ಫೋನ್ ಮಾಡಿ ಕೇಳುವವರೇ ಅವರೆಲ್ಲ.

ಅದಿತಿಯ ಸೀತಾಳೆ ಒಣಗಿತೆ? ಅವಳಿಗೆ ಅದು ಬಂದು ನೀವಿಬ್ಬರೂ ಉಳಿದದ್ದೇ ಒಳ್ಳೆಯದಾಯಿತು. ಪಕ್ಕದ ಮನೆಯ ಹೆನ್ರಿ ಅಂಕಲ್ ಬಹರೇನ್‌ನಲ್ಲಿದ್ದಾಗ ಟೈಮ್‌ಶೇರ್ ಎಂದು ಕೊಂಡು, ಈ ಸಲ ನಮಗೆ ಬಿಟ್ಟುಕೊಟ್ಟ ವಾರ ಇದು. ಪ್ರತಿ ವರ್ಷ ಅಕ್ಟೋಬರಿನ ಒಂದು ವಾರ, ಬದುಕಿರುವವರೆಗೂ. ಕೆರಿಬಿಯನ್‌ನಲ್ಲಿ ಅಕ್ಟೋಬರ್ ಎಂದರೆ ಚಂಡಮಾರುತದ ಕಾಲ ಎಂದು ಮಾರಿದವನು ಹೇಳಿರಲಿಲ್ಲ. ಅಂಕಲ್ ಆಲ್ಬಮ್ಮಿನಲ್ಲಿ ತೋರಿಸಿದ ನೀಲಿ ಈಜುಕೊಳದಲ್ಲಿ ಈಗ ಎಲೆ ಕೊಳೆಯುತ್ತಿದೆ. ಲಿಫ್ಟಿನ ಮೇಲೆ ‘ನಾಳೆ ಸರಿಯಾಗುತ್ತದೆ’ ಎಂಬ ಬೋರ್ಡು. ಅಕ್ಷರಗಳು ಬಿಸಿಲಿಗೆ ಮಾಸಿವೆ. ಇಲ್ಲಿರುವ ಅತಿಥಿಗಳು ಎಲ್ಲರೂ ಎಪ್ಪತ್ತು ದಾಟಿದವರು, ಕಟ್ಟಡ ಹೊಸದಿದ್ದಾಗ ಬಂದು ಅದರ ಜೊತೆಗೇ ಮುದುಕರಾದವರು.

ಮಂಗಳವಾರ ಹಳದಿ ಮುಚ್ಚಳದ ಕಸದ ಬಿನ್ ಹೊರಗಿಡಬೇಕು. ಮರೆಯಬೇಡ.

ಉಮಾಕಾಂತ


23 ಅಕ್ಟೋಬರ್ 2013
ಕಿಲ್ಬರ್ನ್, ಅಡಿಲೇಡ್

ರೀ,

ಫೋನ್ ಮಾಡಿದೆ. ಸಿಸ್ಟಮ್ ತಪ್ಪಲ್ಲ.

ಪಿ.ಆರ್. ಅರ್ಜಿ ತೀರ್ಮಾನವಾಗುವವರೆಗೆ ಎಂದು ನಮ್ಮ ಮೂವರಿಗೂ ಕೊಟ್ಟದ್ದು ಬ್ರಿಡ್ಜಿಂಗ್ ಎ ಎಂಬ ತಾತ್ಕಾಲಿಕ ವೀಸಾ. ಅದರಲ್ಲಿ ದೇಶದೊಳಗೆ ಇರಬಹುದು. ಹೊರಗೆ ಕಾಲಿಟ್ಟರೆ ಅಲ್ಲಿಗೇ ಮುಗಿಯಿತು. ಹೋಗಿ ಬರಬೇಕೆಂದರೆ ಮೊದಲೇ ಬಿ ಕೇಳಿ ಪಡೆಯಬೇಕು. ಅಪ್ಪ ತೀರಿಕೊಂಡಾಗ ನಾನು ಮೈಸೂರಿಗೆ ಹೋಗಲು ಪಡೆದಿದ್ದೆನಲ್ಲ, ಅದು ಬಿ. ಅದು ಇಡೀ ಕುಟುಂಬಕ್ಕೆ ಅನ್ವಯಿಸುತ್ತದೆ ಎಂದು ನೀವು ತಿಳಿದಿರಿ. ಅದು ನನಗೊಬ್ಬಳಿಗೇ ಕೊಟ್ಟದ್ದು.

ಇನ್ನು ಪಿ.ಆರ್. ಬರುವವರೆಗೆ ನೀವು ಹೊರಗೇ ಇರಬೇಕಂತೆ. ಮುಖ್ಯ ಅರ್ಜಿದಾರಳು ನಾನಾದ್ದರಿಂದ, ನೀವೂ ಅದಿತಿಯೂ ಅವಲಂಬಿತರಾದ್ದರಿಂದ, ಏನು ಕೇಳುವುದಿದ್ದರೂ ನನ್ನನ್ನೇ ಕೇಳುತ್ತಾರಂತೆ. ನಿಮ್ಮ ಆಫೀಸಿಗೆ ಜ್ವರ ಎಂದು ಹೇಳಲಿಲ್ಲ, ವೀಸಾ ತೊಂದರೆ ಎಂದೇ ಹೇಳಿದೆ.

ಸ್ಕೈಪ್ ಬೇಡ. ನಮ್ಮ ಹಗಲು ನಿಮಗೆ ರಾತ್ರಿ, ಹೊಂದಿಸುವುದು ಕಷ್ಟ. ಹೀಗೆ ಮೇಲ್‌ನಲ್ಲಿ ಬರೆಯುವುದೇ ವಾಸಿ.

ಕ್ಲೋಟಿಲ್ಡಾ ಆಂಟಿ ಒಂದು ವಿಷಯ ಕೇಳಿದರು. ಮೊದಲ ಸಲ ಹೆನ್ರಿ ಅಂಕಲ್ ಜೊತೆ ಅಲ್ಲಿಗೆ ಹೋದಾಗ ಅವರು ಪಾದ್ರಿಯನ್ನು ಕರೆಸಿ ಆ ಫ್ಲ್ಯಾಟಿಗೆ ಆಶೀರ್ವಾದ ಮಾಡಿಸಿದ್ದರಂತೆ, ಹೊಸ ಮನೆಗೆ ಮಾಡಿಸುವ ಹಾಗೆಯೇ. ಗೋಡೆಗೆ ಯೇಸುವಿನ ಪವಿತ್ರ ಹೃದಯದ ಚಿತ್ರ ತೂಗುಹಾಕಿ, ಬಾಗಿಲು ಹಾಕಿಕೊಂಡು ಬಂದರಂತೆ. ‘ನಮ್ದೇ ಮನೆ ಅಲ್ವಾ ಅಂದ್ಕೊಂಡ್ವಿ. ಉಳಿದ ವಾರ ಬೇರೆಯವರು ಮಲಗ್ತಾರೆ ಅಂತ ತಲೆಗೇ ಹೋಗ್ಲಿಲ್ಲ ನೋಡು’ ಎಂದರು. ಆ ಚಿತ್ರ ಇದೆಯೇ?

ಅದಿತಿಯ ಕಲೆಗಳು ಮಾಯುತ್ತಿವೆ. ‘ಈಸ್ ಅಪ್ಪಾ ಸ್ಟಿಲ್ ಆನ್ ಹಾಲಿಡೇ?’ ಎಂದಳು. ಹೌದೆಂದೆ.

ಜ್ಯೋತ್ಸ್ನಾ


3 ನವೆಂಬರ್ 2013
ರಿಸಾರ್ಟ್‌ನಿಂದ

ಜ್ಯೋತ್ಸ್ನಾ,

ನಿಯಮ ಯಾವಾಗಲೋ ಬದಲಾಗಿರಬೇಕು. ನಾನು ಓದಿದಾಗ ಹೀಗಿರಲಿಲ್ಲ. ಇರಲಿ. ಆಫೀಸಿಗೆ ನಾನು ಹೇಳಿದ ಹಾಗೆಯೇ ಹೇಳಬೇಕಿತ್ತು.

ಮೈಸೂರಿಗೆ ಹೋಗಿ ಕಾಯಬಹುದು ಎಂದು ನಿನಗೆ ಅನ್ನಿಸಬಹುದು. ಅದು ಆಗದ ಮಾತು. ವಠಾರದಲ್ಲಿ ಒಬ್ಬೊಬ್ಬರೂ ‘ಒಬ್ಬನೇ ಬಂದ್ಯಾ?’ ಎಂದು ಶುರುಮಾಡುತ್ತಾರೆ. ಅಮ್ಮನಿಗೆ ನಾನು ಕಂಪನಿ ಕೆಲಸದ ಮೇಲೆ ಬಂದಿದ್ದೇನೆ ಎಂದು ಹೇಳಿದ್ದೇನೆ. ನೀನೂ ಅದನ್ನೇ ಹೇಳು.

ಇಲ್ಲಿ ವ್ಯವಸ್ಥೆಯಾಗಿದೆ. ಮ್ಯಾನೇಜರ್ ಮಿಸೆಸ್ ಜೋಸೆಫ್ ಎಂಬಾಕೆ, ಚಂಡಮಾರುತದಲ್ಲಿ ಹಾಳಾಗಿ ಮುಚ್ಚಿದ ಹಿಂದಿನ ಬ್ಲಾಕಿನಲ್ಲಿ ಒಂದು ಕೋಣೆ ಬಿಟ್ಟುಕೊಟ್ಟಿದ್ದಾರೆ. ನಾನು ಎ.ಸಿ.ಗಳನ್ನು ನೋಡಿಕೊಳ್ಳುತ್ತೇನೆ. ಉಪ್ಪುಗಾಳಿಗೆ ತಾಮ್ರದ ಕೊಳವೆಗಳೆಲ್ಲ ಹಸಿರಾಗಿವೆ. ಅಡಿಲೇಡ್‌ನಲ್ಲಿ ಕಂಪ್ಯೂಟರಿನ ಮುಂದೆ ಕೂತು ನಕ್ಷೆ ಮಾಡುತ್ತಿದ್ದವನು ಈಗ ಸ್ಪ್ಯಾನರ್ ಹಿಡಿದಿದ್ದೇನೆ. ಇದನ್ನು ಯಾರಿಗೂ ಹೇಳಬೇಕಾಗಿಲ್ಲ.

ಒಂದು ತಮಾಷೆ ಕೇಳು. ನಿನ್ನೆ ಲಾಬಿಯಲ್ಲಿ ಒಬ್ಬರು ಅಜ್ಜಿ ಮಿಸೆಸ್ ಜೋಸೆಫ್ ಹತ್ತಿರ ಬಂದು ಲಿಫ್ಟ್ ಯಾವಾಗ ಸರಿಯಾಗುತ್ತದೆ ಎಂದು ಕೇಳಿದರು. ಮೋಟಾರು, ಬಿಡಿಭಾಗ, ಬಂದರಿನಲ್ಲಿ ನಿಂತ ಸರಕು, ಎಲ್ಲವನ್ನೂ ನಾನು ವಿವರಿಸಿದೆ. ಅಜ್ಜಿ ಹೋದ ಮೇಲೆ ಈಕೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

‘ಮಿಸ್ಟರ್, ಆಯಮ್ಮ ಯಾರನ್ನ ಕೇಳಿದ್ದು?’

‘ನಿಮ್ಮನ್ನ.’

‘ಮತ್ತೆ ನಿನ್ನ ಬಾಯಿ ಯಾಕೆ ಅಲ್ಲಾಡ್ತು?’

ಅಡುಗೆಮನೆಯವರೆಲ್ಲ ನಕ್ಕುಬಿಟ್ಟರು. ಒಳ್ಳೆಯ ಹೆಂಗಸು, ಆದರೆ ಸಹಾಯದ ಬೆಲೆ ಗೊತ್ತಿಲ್ಲ.

ಚಿತ್ರ ಇಲ್ಲ. ಆ ಜಾಗದಲ್ಲಿ ಶಂಖದ ಪಟವೊಂದಿದೆ. ಇದೆ ಎಂದೇ ಆಂಟಿಗೆ ಹೇಳಿಬಿಡು. ವಯಸ್ಸಾದವರು, ನೊಂದುಕೊಳ್ಳುತ್ತಾರೆ.

ಉಮಾಕಾಂತ


21 ನವೆಂಬರ್ 2013
ಕಿಲ್ಬರ್ನ್

ರೀ,

ಮಿಸೆಸ್ ಜೋಸೆಫ್ ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಆಂಟಿಗೆ ಚಿತ್ರ ಇಲ್ಲವೆಂದೇ ಹೇಳಿದೆ. ಅವರು ನೊಂದುಕೊಳ್ಳಲಿಲ್ಲ. ಗಹಗಹಿಸಿ ನಕ್ಕು, ‘ಒಂದು ವಾರದ ಮನೆಗೆ ಒಂದು ವಾರದ ದೇವರು, ಅಷ್ಟೇ ಸೈ’ ಎಂದರು. ಅಂಕಲ್ ಮಾತ್ರ, ಪಾಪದ ಹುಡುಗನನ್ನು ನಾವೇ ಅಲ್ಲಿಗೆ ಕಳಿಸಿ ಸಿಕ್ಕಿಹಾಕಿಸಿದೆವು ಎಂದು ಪೇಚಾಡುತ್ತಾರೆ. ‘ನಿಮ್ಮಿಂದೇನೂ ಅಲ್ಲ’ ಎಂದು ಅವರಿಗೆ ಹೇಳಿದ್ದೇನೆ.

ಅದಿತಿಯ ಶಾಲೆಗೆ ಹೋಗಿದ್ದೆ, ಟೀಚರ್ ಭೇಟಿಗೆ. ಮಗಳು ಮನೆಯಲ್ಲಿ ಹೇಗಿರುತ್ತಾಳೆ ಎಂದು ಅವರು ಕೇಳಿದರು. ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಪಕ್ಕದ ಕುರ್ಚಿ ಖಾಲಿಯಿತ್ತು. ಆಮೇಲೆ ನಾನೇ ಹೇಳಿದೆ.

ಇಲಾಖೆಯಿಂದ ಮೇಲ್ ಬಂದಿದೆ. ನೀವು ಹೊರಗಿರುವುದರಿಂದ, ನಾವಿಬ್ಬರೂ ಈಗಲೂ ಗಂಡ ಹೆಂಡತಿಯಾಗಿ ಒಂದೇ ಸಂಸಾರ ನಡೆಸುತ್ತಿದ್ದೇವೆಯೇ, ಮುಂದೆಯೂ ನಡೆಸುವ ಉದ್ದೇಶವಿದೆಯೇ ಎಂದು ಕೇಳಿದ್ದಾರೆ. ಹೌದೆಂದರೆ ಮೂವರಿಗೂ ಒಟ್ಟಿಗೆ ಪಿ.ಆರ್. ಸಿಗುತ್ತದೆ, ನೀವು ಹಿಂತಿರುಗಬಹುದು. ಇಲ್ಲವೆಂದರೆ ನಿಮ್ಮ ಹೆಸರನ್ನು ಅರ್ಜಿಯಿಂದ ತೆಗೆಯುತ್ತಾರೆ.

ಜ್ಯೋತ್ಸ್ನಾ


22 ನವೆಂಬರ್ 2013
ರಿಸಾರ್ಟ್‌ನಿಂದ

ಜ್ಯೋತ್ಸ್ನಾ,

ಬಹಳ ಒಳ್ಳೆಯ ಸುದ್ದಿ! ಫೈಲು ಅಲ್ಲಾಡುತ್ತಿದೆ ಎಂದರ್ಥ. ಇದು ಬರೀ ಫಾರ್ಮಾಲಿಟಿ, ಎಲ್ಲರನ್ನೂ ಕೇಳುತ್ತಾರೆ. ನೀನು ತಲೆ ಕೆಡಿಸಿಕೊಳ್ಳಬೇಡ. ಉತ್ತರವನ್ನು ಇಂಗ್ಲಿಷ್‌ನಲ್ಲಿ ಬರೆದು ಕೆಳಗೆ ಅಂಟಿಸಿದ್ದೇನೆ. ‘ಜ್ಯೋತ್ಸ್ನಾ ಎಂಬ ನಾನು ನನ್ನ ಪತಿಯೊಂದಿಗೆ ಹತ್ತು ವರ್ಷಗಳಿಂದ ಸಂತೋಷದ ದಾಂಪತ್ಯ ನಡೆಸುತ್ತಿದ್ದೇನೆ. ಅವರಿಲ್ಲದೆ ನನ್ನ ದೈನಂದಿನ ಜೀವನ ಬಹಳ ಕಷ್ಟವಾಗಿದೆ...’ ಹೀಗೆ ಎರಡು ಪ್ಯಾರಾ ಇದೆ. ಅದನ್ನೇ ಕಾಪಿ ಮಾಡಿ ಕೆಳಗೆ ಹೆಸರು ಹಾಕಿ ಕಳಿಸು. ಒಂದು ಪದವನ್ನೂ ಬದಲಿಸಬೇಡ, ಭಾಷೆಯನ್ನು ಬಹಳ ಯೋಚಿಸಿ ಇಟ್ಟಿದ್ದೇನೆ.

ಕಳಿಸಿದ ಕೂಡಲೇ ತಿಳಿಸು.

ಉಮಾಕಾಂತ


8 ಡಿಸೆಂಬರ್ 2013
ರಿಸಾರ್ಟ್‌ನಿಂದ

ಜ್ಯೋತ್ಸ್ನಾ,

ಕಳಿಸಿದೆಯಾ? ಎರಡು ಮೇಲ್ ಹಾಕಿದೆ, ಉತ್ತರವಿಲ್ಲ. ಲ್ಯಾಬಿನಲ್ಲಿ ಕೆಲಸ ಹೆಚ್ಚಿರಬೇಕು. ಇಲ್ಲಿ ವೈ-ಫೈ ಲಾಬಿಯಲ್ಲಿ ಮಾತ್ರ ಸಿಗುತ್ತದೆ. ಕ್ರಿಸ್‌ಮಸ್‌ಗೆ ಅತಿಥಿಗಳು ತುಂಬಿ ಅಲ್ಲಿ ಕೂರಲು ಜಾಗವಿಲ್ಲ.

ನನ್ನ ಆಫೀಸಿನವರು ಬೇರೊಬ್ಬನನ್ನು ತೆಗೆದುಕೊಂಡರಂತೆ. ಬಂದ ಮೇಲೆ ಬೇರೆ ಹುಡುಕಿದರಾಯಿತು. ಆ ಉತ್ತರವೊಂದು ಹೋಗಿಬಿಟ್ಟರೆ ಸಾಕು.

ಉಮಾಕಾಂತ


30 ಡಿಸೆಂಬರ್ 2013
ರಿಸಾರ್ಟ್‌ನಿಂದ

ಜ್ಯೋತ್ಸ್ನಾ,

ಬೇರೆ ದಾರಿ ಕಾಣದೆ ಗುರಣ್ಣನಿಗೆ ಬರೆದೆ. ಅವನು ನಿನ್ನ ಜೊತೆ ಮಾತಾಡಿದನಂತೆ. ಆಮೇಲೆ ರಿಸಾರ್ಟಿನ ಫೋನಿಗೆ ಕರೆ ಮಾಡಿ ಹೇಳಿದ್ದಿಷ್ಟು: ‘ಲೋ, ಅವಳ ಫೋನೂ ಸರಿಯಾಗಿದೆ, ಅವಳೂ ಸರಿಯಾಗಿದ್ದಾಳೆ ಕಣೋ. ಅರ್ಧ ಗಂಟೆ ಮಾತಾಡಿದ್ವಿ. ಎಷ್ಟು ಚೆನ್ನಾಗಿ ಜೋಕ್ ಮಾಡ್ತಾಳೆ! ಇಷ್ಟು ವರ್ಷ ನಮ್ಮನೆಗೆ ಬಂದ್ರೆ ಯಾಕೆ ಬಾಯೇ ಬಿಡ್ತಿರ್ಲಿಲ್ಲ?’

ನನ್ನ ವಿಷಯ ಏನು ಎಂದರೆ, ‘ಅದನ್ನ ಅವಳೇ ಹೇಳ್ಬೇಕು, ನಾನಲ್ಲ’ ಎಂದು ಇಟ್ಟುಬಿಟ್ಟ.

ಅವನಿಗೆ ಏನು ಹೇಳಿದೆ? ಯಾರಾದರೂ ಏನಾದರೂ ತಲೆಗೆ ತುಂಬಿದರೆ? ನಿನ್ನ ಆ ಗೆಳತಿ ಪದ್ಮಾನಾ? ಅವಳ ಮಾತು ಕೇಳಬೇಡ.

ಉಮಾಕಾಂತ


26 ಜನವರಿ 2014
ಬೆಂಟ್ಲಿ, ಪರ್ತ್

ಉಮಾಕಾಂತ್,

ಮೇಲಿನ ವಿಳಾಸ ನೋಡಿ ಗಾಬರಿಯಾಗಬೇಡಿ. ಇಲ್ಲಿಯ ಯೂನಿವರ್ಸಿಟಿಯಲ್ಲಿ ನನಗೆ ಕೆಲಸ ಸಿಕ್ಕಿದೆ. ಸೆಪ್ಟೆಂಬರ್‌ನಲ್ಲೇ ಅರ್ಜಿ ಹಾಕಿದ್ದೆ, ನಿಮಗೆ ಹೇಳಿರಲಿಲ್ಲ. ಕಿಲ್ಬರ್ನ್ ಮನೆ ಖಾಲಿ ಮಾಡಿದೆ. ನಿಮ್ಮ ಸಾಮಾನುಗಳನ್ನು ಹೆನ್ರಿ ಅಂಕಲ್ ತಮ್ಮ ಗ್ಯಾರೇಜಿನಲ್ಲಿ ಇಟ್ಟುಕೊಂಡಿದ್ದಾರೆ. ಯೂನಿವರ್ಸಿಟಿ ಪಕ್ಕದ ಈ ಮನೆಯಲ್ಲಿ ಸುತ್ತಲೂ ವಿದ್ಯಾರ್ಥಿಗಳು. ಪಕ್ಕದ ಮನೆಯಲ್ಲಿ ಆರು ಜನ ಇದ್ದಾರೆ, ಸೈಕಲ್ ಹನ್ನೊಂದು ಇವೆ ಎಂದು ಅದಿತಿ ಎಣಿಸಿದ್ದಾಳೆ.

ಪದ್ಮಾ ನನ್ನ ತಲೆಗೆ ಏನನ್ನೂ ತುಂಬಿಲ್ಲ. ನನ್ನ ತಲೆಯಲ್ಲಿ ಇರುವುದೆಲ್ಲ ಯಾರೋ ತುಂಬಿದ್ದೇ ಇರಬೇಕು ಎಂದು ನೀವು ಯಾವಾಗಲೂ ತಿಳಿಯುತ್ತೀರಿ.

ನೀವು ಕಳಿಸಿದ ಉತ್ತರವನ್ನು ನಾನು ಕಳಿಸಲಿಲ್ಲ. ಚೆನ್ನಾಗಿ ಬರೆದಿದ್ದೀರಿ. ಓದುತ್ತ ಓದುತ್ತ ಈ ಜ್ಯೋತ್ಸ್ನಾ ಯಾರು ಎಂದು ಯೋಚಿಸಿದೆ. ಇಲಾಖೆಯವರಿಂದ ಸಮಯ ಕೇಳಿ ಪಡೆದಿದ್ದೇನೆ.

ನೀವು ಕೆಟ್ಟವರಲ್ಲ. ಬೈದವರಲ್ಲ, ಕೈ ಎತ್ತಿದವರಲ್ಲ, ಬೆಳಿಗ್ಗೆ ನನಗಿಂತ ಮೊದಲೆದ್ದು ಕಾಫಿ ಮಾಡುತ್ತಿದ್ದವರು. ಆದ್ದರಿಂದಲೇ ಇದನ್ನು ಹೇಳಲು ನನಗೆ ಮಾತು ಸಿಕ್ಕಿರಲಿಲ್ಲ. ಡಾಕ್ಟರು ನನಗೆ ಎಲ್ಲಿ ನೋವು ಎಂದು ಕೇಳಿದರೆ ನೀವು ತೋರಿಸುತ್ತಿದ್ದಿರಿ. ಯುಗಾದಿ ಊಟದಲ್ಲಿ ಪದ್ಮಾ ನನ್ನ ಸಂಶೋಧನೆ ಏನೆಂದು ಕೇಳಿದಾಗ ‘ಇವಳದ್ದು ಗೋಧಿ ಮೇಲೆ’ ಎಂದಿರಿ. ನನ್ನದು ಬಾರ್ಲಿ. ನಾಲ್ಕು ವರ್ಷದಿಂದಲೂ ಬಾರ್ಲಿ. ತಿದ್ದಲು ಬಾಯಿ ತೆರೆದೆ, ನೀವು ಆಗಲೇ ಗೋಧಿಯ ರೋಗಗಳ ವಿಷಯಕ್ಕೆ ಹೋಗಿದ್ದಿರಿ.

ನೀವು ಹೊರಡುವ ಹಿಂದಿನ ವಾರ, ಬಿ ವೀಸಾ ನಿಮಗೂ ಬೇಕಾಗುತ್ತದೇನೋ ಎಂದು ನಾನು ಕೇಳಿದ್ದು ನೆನಪಿದೆಯೇ? ‘ಅದೆಲ್ಲ ನಿಂಗೆ ಗೊತ್ತಾಗಲ್ಲ, ಬಿಡು’ ಎಂದು ನಕ್ಕಿರಿ. ನಾನು ಬಿಟ್ಟೆ.

ಸ್ಕೈಪ್ ಬೇಡ ಎಂದದ್ದೂ ಹಗಲು ರಾತ್ರಿ ಹೊಂದದೆ ಇದ್ದದ್ದಕ್ಕಲ್ಲ. ಬರೆದರೆ ನಾನು ಹಿಡಿದ ವಾಕ್ಯವನ್ನು ನಾನೇ ಮುಗಿಸಬಹುದು.

ಅದಿತಿ ನಿಮಗೆ ಪೆಲಿಕನ್ ಚಿತ್ರ ಬರೆದಿದ್ದಾಳೆ. ಸ್ಕ್ಯಾನ್ ಮಾಡಿ ಕಳಿಸಿದ್ದೇನೆ. ಅವಳಿಗೆ ನೀವು ಬೇಕು. ಅದನ್ನು ನಾನು ಮರೆಮಾಚುವುದಿಲ್ಲ.

ಜ್ಯೋತ್ಸ್ನಾ


16 ಫೆಬ್ರವರಿ 2014
ರಿಸಾರ್ಟ್‌ನಿಂದ

ಜ್ಯೋತ್ಸ್ನಾ,

ನಿನ್ನ ಪತ್ರ ಬಂದ ದಿನ ಉದ್ದದ ಉತ್ತರ ಬರೆದೆ. ನೀನು ಹೇಳಿದ ಒಂದೊಂದಕ್ಕೂ ಸಮಜಾಯಿಷಿ. ಡಾಕ್ಟರ ಭಾಷೆ ನಿನಗೆ ಆಗ ಅರ್ಥವಾಗುತ್ತಿರಲಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೆ, ಇತ್ಯಾದಿ. ಓದಿ ನೋಡಿದೆ. ಕಳಿಸಲಿಲ್ಲ.

ಮದುವೆಯಾದ ಮೇಲೆ ನೀನು ನನ್ನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಅದನ್ನು ಓದುವಾಗ ಯಾರನ್ನೋ ಕರೆಯುತ್ತಿದ್ದೀಯ ಅನ್ನಿಸಿತು.

ಬಾರ್ಲಿ ಎಂಬುದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿದೆ ಎಂದೇ ಅಂದುಕೊಂಡಿದ್ದೆ.

ಮಿಸೆಸ್ ಜೋಸೆಫ್‌ಗೆ ನಿನ್ನ ನಮಸ್ಕಾರವನ್ನು ಆಗ ತಿಳಿಸಿರಲಿಲ್ಲ. ಮೊನ್ನೆ ತಿಳಿಸಿದೆ. ನಮಸ್ಕಾರ ಯಾಕೆ ಎಂದು ಕೇಳಿದರು. ಹೇಳಿದೆ. ‘ಆಕೆಗೆ ಇಲ್ಲಿ ಒಂದು ಕೋಣೆ ಯಾವತ್ತೂ ಇದೆ ಅಂತ ಬರಿ. ನಿನಗೂ ಇದೆ. ಬೇರೆ ಬೇರೆ ಮಹಡಿಯಲ್ಲಿ’ ಎಂದರು. ಈಗ ಲಾಬಿಯಲ್ಲಿ ಯಾರಾದರೂ ಅವರನ್ನು ಏನಾದರೂ ಕೇಳಿದರೆ ಸುಮ್ಮನೆ ನಿಲ್ಲುವುದನ್ನು ಕಲಿಯುತ್ತಿದ್ದೇನೆ. ನಾಲಿಗೆ ತುರಿಸುತ್ತದೆ. ಉತ್ತರ ನನಗೆ ಗೊತ್ತಿದ್ದರಂತೂ ಇನ್ನೂ ಕಷ್ಟ.

ಮುಂದಿನ ತಿಂಗಳು ಮೈಸೂರಿಗೆ ಹೋಗುತ್ತೇನೆ. ಅಮ್ಮನಿಗೆ ನಿಜ ಹೇಳಿದೆ. ‘ಬಾ. ಅಕ್ಕಪಕ್ಕದವರಿಗೆ ಏನು, ಒಂದು ವಾರ ಮಾತಾಡ್ತಾರೆ’ ಎಂದಳು. ಇಷ್ಟಕ್ಕೆ ಇಷ್ಟು ತಿಂಗಳು ಹೆದರಿದ್ದೆ.

ಇನ್ನೊಂದು ಯೋಚನೆ ಮಾಡಿದ್ದೇನೆ. ನಿನ್ನನ್ನು ಈ ಇಕ್ಕಟ್ಟಿಗೆ ನೂಕಿದವನು ನಾನು. ಹೌದೆನ್ನಲು ನಿನಗೆ ಮನಸ್ಸಿಲ್ಲ, ಇಲ್ಲವೆನ್ನಲು ಬಾಯಿ ಬಾರದು. ಆದ್ದರಿಂದ ನನ್ನ ಹೆಸರನ್ನು ತೆಗೆದುಬಿಡಿ ಎಂದು ನಾನೇ ಇಲಾಖೆಗೆ ಬರೆದಿಟ್ಟಿದ್ದೇನೆ. ಸೋಮವಾರ, ಇಪ್ಪತ್ನಾಲ್ಕಕ್ಕೆ, ಕಳಿಸುತ್ತೇನೆ. ನೀನು ಯಾರಿಗೂ ಏನೂ ಹೇಳಬೇಕಾಗಿ ಬರುವುದಿಲ್ಲ. ನಿನಗಾಗಿ ನಾನು ಮಾಡಬಹುದಾದದ್ದು ಇದೊಂದೇ.

ಅದಿತಿಯ ಪೆಲಿಕನ್ನಿಗೆ ಮೂರು ಕಾಲಿದೆ. ಗೋಡೆಗೆ ಅಂಟಿಸಿದ್ದೇನೆ.

ಉಮಾಕಾಂತ


20 ಫೆಬ್ರವರಿ 2014
ಬೆಂಟ್ಲಿ

ಉಮಾಕಾಂತ್,

ಕಳಿಸಬೇಡಿ.

ನಿಮ್ಮ ಪತ್ರವನ್ನು ಓದುತ್ತ ಬಂದೆ, ಕಡೆಯ ಪ್ಯಾರಾದವರೆಗೂ ನೀವು ಬೇರೆಯವರೇ ಆಗಿಬಿಟ್ಟಿದ್ದೀರಿ ಅನ್ನಿಸುತ್ತಿತ್ತು. ಆಮೇಲೆ ಅದು ಬಂತು. ಹೌದೆನ್ನಲು ಮನಸ್ಸಿಲ್ಲ, ಇಲ್ಲವೆನ್ನಲು ಬಾಯಿ ಬಾರದು ಎಂದು ನನ್ನ ಮನಸ್ಸನ್ನೂ ಬಾಯನ್ನೂ ನೀವೇ ನೋಡಿ, ನೀವೇ ತೀರ್ಮಾನಿಸಿ, ನೀವೇ ಉತ್ತರ ಬರೆದಿಟ್ಟಿರಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದಿರಿ. ಯಾವಾಗಲೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೀರಿ.

ಹೌದೆನ್ನಲು ನನಗೆ ಮನಸ್ಸಾದ ದಿನಗಳಿವೆ. ಅದು ನಿಮಗೆ ತಿಳಿದಿರಲಿ. ನಾಲಿಗೆ ತುರಿಸುತ್ತದೆ ಎಂದು ಓದಿದಾಗ ಬಸ್ಸಿನಲ್ಲಿ ನಕ್ಕೆ, ಪಕ್ಕದವಳು ತಿರುಗಿ ನೋಡಿದಳು. ಅಂಥ ಮನುಷ್ಯನ ಜೊತೆ ನಾನು ಮಾತಾಡಬಲ್ಲೆ. ಆದರೆ ಆ ಮನುಷ್ಯ ನನಗೆ ಸಿಕ್ಕಿದ್ದು ಪತ್ರದಲ್ಲಿ, ಅಷ್ಟು ದೂರದಲ್ಲಿ. ಇದೇ ಮನೆಯೊಳಗೆ ಬಂದರೆ ಅವನು ಅವನಾಗಿಯೇ ಇರುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಮತ್ತೆ ಪಕ್ಕದ ಕುರ್ಚಿಯ ಕಡೆ ತಿರುಗುವವಳಾಗುತ್ತೇನೋ ಎಂಬ ಭಯ. ಅದು ನಿಮ್ಮೊಬ್ಬರ ತಪ್ಪಲ್ಲ.

ಗುರು ಭಾವ ಒಂದು ಉಪಾಯ ಹೇಳಿದರು. ‘ಹೌದು ಅಂತ ಹೇಳಿಬಿಡಮ್ಮ. ಅವನು ಬಂದು ಇಲ್ಲಿ ಬ್ರಿಸ್ಬೇನ್‌ನಲ್ಲಿ ನಮ್ಮ ಜೊತೆ ಇರ್ಲಿ. ಯಾರು ಬಂದು ನೋಡ್ತಾರೆ?’ ಎರಡು ದಿನ ಯೋಚಿಸಿದೆ. ಅದಿತಿಗೆ ಅಪ್ಪ ಇದೇ ದೇಶದಲ್ಲಿರುತ್ತಿದ್ದ. ಆದರೆ ಅವರು ಕೇಳಿರುವುದು ಒಂದೇ ಸಂಸಾರವೇ ಎಂದು. ಇಷ್ಟು ವರ್ಷದ ಮೇಲೆ ಮೊದಲ ಸಲ ನನ್ನ ಬಾಯಿಂದ ಹೊರಡುವ ಉತ್ತರ ಸುಳ್ಳಾಗುವುದು ನನಗೆ ಬೇಡ.

ಅದಿತಿಗೆ ಹೇಳಬೇಕಾದವಳು ನಾನು. ಅವಳು ಅಳುತ್ತಾಳೆ, ನನ್ನ ಮೇಲೆ ಸಿಟ್ಟಾಗುತ್ತಾಳೆ, ಸಿಟ್ಟು ಬಹಳ ಕಾಲ ಇರಬಹುದು. ಜುಲೈ ರಜೆಗೆ ಅವಳನ್ನು ಮೈಸೂರಿಗೆ ನಾನೇ ಕರೆತಂದು ನಿಮ್ಮ ಹತ್ತಿರ ಬಿಡುತ್ತೇನೆ. ಪ್ರತಿ ಭಾನುವಾರ ಅವಳಿಗೆ ಫೋನ್ ಮಾಡಿ. ಅವಳು ತಡವರಿಸಿದರೆ ಕಾಯಿರಿ.

ಇಲಾಖೆಯ ಅಧಿಕಾರಿ ಇಪ್ಪತ್ತೈದನೆಯ ತಾರೀಖು ಮಂಗಳವಾರ ಬೆಳಿಗ್ಗೆ ಫೋನ್ ಮಾಡುತ್ತಾರೆ. ಲ್ಯಾಬಿಗೆ ರಜೆ ಹಾಕಿದ್ದೇನೆ. ಇದನ್ನು ಇನ್ನೂ ಯಾರಿಗೂ ಹೇಳಿಲ್ಲ, ಮೊದಲು ನಿಮಗೆ ತಿಳಿಯಬೇಕು ಎಂದು ಇವತ್ತೇ ಬರೆಯುತ್ತಿದ್ದೇನೆ. ಅವರು ಕೇಳಿದಾಗ, ಇಲ್ಲ ಎನ್ನುತ್ತೇನೆ.

ಜ್ಯೋತ್ಸ್ನಾ